ಅಪ್ಪ ಬರುವ ಹೊತ್ತಿಗೆ ಅರಳುತ್ತಿದ್ದ ಹೂವು

ಮನೆ ಮುಂದಿನ ಗುಲ್‌ಮೊಹರ್ ಮರದ ಫೋಟೊ ಹಾಕಿ, "ದೊಡ್ಡಮ್ಮ, ಇದರ ಬುಡಕ್ಕೆ ಯಾವ ಹೂಗಿಡ ಚೆಂದ?" ಎಂದು ಕೇಳಿದ್ದೀಯ, ಪುಟ್ಟಿ. ಆ ಕೆಂಪು ಕಂಡದ್ದೇ ತಡ, ನಾನು ನಾವು ಬೆಳೆದ ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನ್ ಮನೆಗೆ ಹೋಗಿಬಿಟ್ಟೆ.

ನಮ್ಮ ಬಾಗಿಲ ಮುಂದೆಯೂ ಇಂಥದೇ ಮರವಿತ್ತು. ಅದರ ಉದ್ದನೆಯ ಕಾಯಿ ಹಿಡಿದು ನಾನೂ ನಿನ್ನ ಅಮ್ಮನೂ ಕತ್ತಿವರಸೆ ಆಡುತ್ತಿದ್ದೆವು. ಬುಡದ ಸುತ್ತ ನಮ್ಮಮ್ಮ ಟೇಬಲ್ ರೋಸ್ ಹಾಕಿದ್ದಳು. ಬೆಳಿಗ್ಗೆ ಅರಳುವ ಹೂವು ಅದು. ಅಪ್ಪ ಗಣಿಯಿಂದ ಮೇಲೆ ಬಂದು ಮನೆ ಸೇರುವಷ್ಟರಲ್ಲಿ ಮುದುಡಿರುತ್ತಿತ್ತು.

"ನಾನ್ ಬರೋ ಒತ್ಗೆ ಎಲ್ಲಾ ಮಕ ಮುಚ್ಕೊಂಡಿರ್ತವಲ್ಲೇ!" ಎಂದ ಅಪ್ಪ ಒಮ್ಮೆ.

"ನಿಮ್ ಧೂಳ್ ಮಕ ನೋಡಿ ಎದ್ರಿಕೊಂತವೆ," ಎಂದಳು ಅಮ್ಮ.

ಹಾಗೆ ನಕ್ಕವಳು ಆ ವಾರವೇ ಬೂದಿಕೋಟೆಯ ತವರಿನಿಂದ ಸಂಜೆಮಲ್ಲಿಗೆಯ ಕರಿ ಬೀಜ ತಂದು ಊರಿದಳು. ಪಾತ್ರೆ ತೊಳೆದ ನೀರನ್ನೇ ಅವಕ್ಕೆ ಹಾಕುತ್ತಿದ್ದಳು. ಸಂಜೆ ಪಾಳಿ ಮುಗಿದು ಗಣಿಯ ಸೈರನ್ ಕೂಗುವ ಹೊತ್ತಿಗೆ ಮೊಗ್ಗು ಬಿಚ್ಚತೊಡಗುತ್ತಿದ್ದವು. ಅಪ್ಪ ಬಂದವನು ಮೊದಲು ಆ ಗಿಡಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಆಮೇಲೆ ಒಳಗೆ ಬರುತ್ತಿದ್ದ.

ಒಂದು ದಿನ ಗಣಿಯೊಳಗೆ ಬಂಡೆ ಕುಸಿಯಿತು, ಅಪ್ಪ ಬರಲಿಲ್ಲ. ಹೂವು ಮಾತ್ರ ಮರುದಿನವೂ ಅದೇ ಹೊತ್ತಿಗೆ ಅರಳಿದವು. ಆಮೇಲೆ ದಿನವೂ ಸೈರನ್ ಕೂಗಿದರೆ ಅಮ್ಮ ಎದ್ದು ಬಾಗಿಲು ಹಾಕಿಕೊಳ್ಳುತ್ತಿದ್ದಳು.

ನಾವು ಆ ಮನೆ ಬಿಡುವ ದಿನ, ಪಕ್ಕದ ಮನೆಯ ಸೆಲ್ವಿ ಅತ್ತೆ ಸಂಜೆಮಲ್ಲಿಗೆಯ ಬೀಜ ಆರಿಸಿ ಕಟ್ಟಿಕೊಡಲು ಬಂದರು.

"ಬ್ಯಾಡ ಸೆಲ್ವಕ್ಕ, ಇಲ್ಲೇ ಇರ್ಲಿ. ಅವ್ರ ದಾರಿ ನೋಡಾಕೆ ಇವಾದ್ರೂ ಇರ್ಲಿ," ಎಂದಳು ಅಮ್ಮ.

ಪುಟ್ಟಿ, ನಿನ್ನ ಗಂಡ ಕೆಲಸ ಮುಗಿಸಿ ಬರುವುದು ಸಂಜೆಯೇ ತಾನೇ? ಸಂಜೆಮಲ್ಲಿಗೆಯನ್ನೇ ಹಾಕು, ಮಗಳೇ.