ಅತ್ತೆಯ ಉಸಿರು

ತೊಂಬತ್ತರ ದಶಕದ ಮೊದಲಲ್ಲಿ ನಾನು ವಿಶಾಖಪಟ್ಟಣದಲ್ಲಿ ನೌಕಾಪಡೆಯಲ್ಲಿದ್ದೆ. ಹಡಗಿನ ಧ್ವನಿ ಉಪಕರಣಗಳ ರಿಪೇರಿ ನನ್ನ ಕೆಲಸ. ಇದ್ದ ಸದ್ದನ್ನು ಇದ್ದ ಹಾಗೆ ಕೇಳಿಸುವುದೇ ಒಳ್ಳೆಯ ಯಂತ್ರದ ಲಕ್ಷಣ ಎಂದು ನಂಬಿದ್ದವನು. ಸಿಂಗಾಪುರಕ್ಕೆ ಹೋದಾಗ ಅಂಥದೇ ಎರಡು ಸ್ಪೀಕರ್ ತಂದಿದ್ದೆ.

ನನ್ನ ಮಾವ ಬಳ್ಳಾರಿ ಕಡೆಯವರು. ವಿಜಯವಾಡದ ಗವರ್ನರ್‌ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟು ಅಲ್ಲೇ ನೆಲೆಸಿದ್ದರು. ಅವರ ಮನೆಯಲ್ಲಿ ಗಾಜಿನ ವಾಲ್ವುಗಳ ಹಳೆಯ ಆಂಪ್ಲಿಫೈಯರ್ ಇತ್ತು. ಅದರಲ್ಲಿ ಯಾರು ಹಾಡಿದರೂ ದನಿ ದುಂಡಗೆ, ಮೆತ್ತಗೆ ಬರುತ್ತಿತ್ತು. "ನಿಮ್ಮದು ಪಥ್ಯದ ಊಟ," ಎಂದು ನನ್ನ ಸ್ಪೀಕರುಗಳನ್ನು ಹಾಸ್ಯ ಮಾಡುತ್ತಿದ್ದರು.

ಅತ್ತೆ ತೀರಿಕೊಂಡ ಮೇಲೆ ಮಾವ ನಮ್ಮಲ್ಲಿಗೆ ಬಂದರು. ಅತ್ತೆ ಹಾಡಿದ ಒಂದೇ ಒಂದು ಕ್ಯಾಸೆಟ್ ಇತ್ತು. ಇನ್ನೊಂದು ಪ್ರತಿ ಮಾಡಿಕೊಡಿ ಎಂದರು. ನಾನು ಅದನ್ನು ನನ್ನ ಸ್ಪೀಕರುಗಳಲ್ಲಿ ಹಾಕಿದೆ. ಹಾಡಿನ ಜೊತೆ ಬಳೆಯ ಸದ್ದು ಬಂತು, ಹಿಂದೆಲ್ಲೋ ಸ್ಟೋವಿನ ಭರಭರ ಕೇಳಿತು. ಪ್ರತಿ ಸಾಲಿನ ಕೊನೆಗೆ ಉಬ್ಬಸದ ಸಣ್ಣ ಸಿಳ್ಳು.

"ಬಂದ್ ಮಾಡ್ರಿ," ಎಂದರು ಮಾವ. "ಇದು ಆಕಿ ದನಿ ಅಲ್ಲ."

"ಟೇಪಿನಲ್ಲಿ ಇರೋದೇ ಬರ್ತಿದೆ, ಮಾವ."

"ನಮ್ಮನ್ಯಾಗ ಈ ಉಬ್ಬಸ ಒಂದಿನಾನೂ ಕೇಳಿಲ್ಲ."

ಅಡುಗೆಮನೆಯಿಂದ ನನ್ನ ಹೆಂಡತಿ ಒದ್ದೆ ಕೈಯಲ್ಲೇ ಬಂದು ನಿಂತಿದ್ದಳು. "ಅಲ್ಲ ನಾನ್ನ, ಇದು ಅಮ್ಮಂದೇ. ನಾ ಆಕಿ ಪಕ್ಕದಾಗ ಮಲಗ್ತಿದ್ದೆ. ಹಿಂಗೇ ಕೇಳಸ್ತಿತ್ತು," ಎಂದಳು. ಅಪ್ಪನನ್ನು ಅವಳು ತೆಲುಗಿನಲ್ಲೇ ಕರೆಯುತ್ತಿದ್ದುದು. ನನ್ನ ಕಡೆ ತಿರುಗಿ, "ಮತ್ತೊಮ್ಮೆ ಹಾಕ್ರಿ," ಎಂದಳು.

ಮಾವ ಎದ್ದು ವರಾಂಡಕ್ಕೆ ಹೋದರು. ಅವಳು ನೆಲದ ಮೇಲೆ ಕೂತು ಪೂರ್ತಿ ಕೇಳಿದಳು, ಅತ್ತಳು. ಸಿಳ್ಳು ಕಡಿಮೆಯಾಗುವಂತೆ ಟ್ರೆಬಲ್ ಇಳಿಸಿ ಪ್ರತಿ ಮಾಡಿಕೊಡಲೇ ಎಂದು ಸಂಜೆ ಮಾವನನ್ನು ಕೇಳಿದೆ. "ಬ್ಯಾಡ. ಹೆಂಗೈತೋ ಹಂಗೇ ಇರಲಿ," ಎಂದರು. ನಾನು ಹಾಗೇ ಮಾಡಿದ ಪ್ರತಿಯನ್ನು ಮಗಳಿಗೆ ಬಿಟ್ಟು, ತಮ್ಮ ಕ್ಯಾಸೆಟ್ ತೆಗೆದುಕೊಂಡು ಊರಿಗೆ ಹೋದರು.

ಮುಂದಿನ ದಸರೆಗೆ ವಿಜಯವಾಡಕ್ಕೆ ಹೋದಾಗ ಮಾವ ಅದನ್ನೇ ತಮ್ಮ ಆಂಪ್ಲಿಫೈಯರಿನಲ್ಲಿ ಹಾಕಿದರು. ಬಳೆಯೂ ಇಲ್ಲ, ಸ್ಟೋವೂ ಇಲ್ಲ, ಉಬ್ಬಸದ ಸಿಳ್ಳೂ ಇಲ್ಲ; ತುಂಬಿದ ದನಿಯೊಂದೇ. ಹೆಂಡತಿ ಕೊನೆಯವರೆಗೂ ಕೇಳಿದಳು. ಮರಳುವಾಗ ರೈಲಿನಲ್ಲಿ ಹೇಳಿದಳು: "ನಾ ಹುಟ್ಟೋಕಿಂತ ಮೊದಲು ಅಮ್ಮ ಹಿಂಗೇ ಹಾಡ್ತಿದ್ದಳೇನೋ. ಅದು ನಾನ್ನನಿಗೆ ಗೊತ್ತು, ನನಗೆ ಗೊತ್ತಿಲ್ಲ."

ಆಮೇಲೆ ನಾನೂ ಮಾವನೂ ಸ್ಪೀಕರ್ ವಿಷಯಕ್ಕೆ ವಾದ ಮಾಡಲಿಲ್ಲ.