ಕಾರಿಗೂ ಒಬ್ಬ ತಂಡೇಲ

1986ನೇ ಇಸವಿ. ಹೆಸರು ಬರೆಸಿ ಮೂರು ವರ್ಷ ಕಾದ ಮೇಲೆ ಆ ಏಪ್ರಿಲ್‌ನಲ್ಲಿ ದೇರೆಬೈಲಿನ ನಮ್ಮ ಮನೆಯಂಗಳಕ್ಕೆ ಒಂದು ಪುಟ್ಟ ಬಿಳಿ ಕಾರು ಬಂತು. ಅಂಬಾಸಿಡರ್ ನೋಡಿ ಅಭ್ಯಾಸವಾದ ಕಣ್ಣಿಗೆ ಅದು ಕಾರಿನ ಮರಿಯಂತೆ ಕಾಣುತ್ತಿತ್ತು. ನೆರೆಹೊರೆಯವರೆಲ್ಲ ಬಂದು ನೋಡಿದರು. ಒಬ್ಬರು ಬಾಗಿಲು ತೆರೆದು ಮುಚ್ಚಿ, "ಇಷ್ಟು ಹಗುರವಾ?" ಎಂದು ಕೇಳಿದರು. ಅಷ್ಟು ಸಾಕಾಯಿತು ನನ್ನ ಅಪ್ಪನಿಗೆ.

ಅಪ್ಪನ ಬಗ್ಗೆ ಮೊದಲು ಹೇಳಬೇಕು. ಪ್ರಾಯದಲ್ಲಿ ಅವರು ಮಂಜಿಯಲ್ಲಿದ್ದವರು. ಮಂಜಿ ಎಂದರೆ ಮಂಗಳೂರಿನ ಹಂಚು ತುಂಬಿಕೊಂಡು ದೂರದ ಬಂದರುಗಳಿಗೆ ಹೋಗುತ್ತಿದ್ದ ಹಾಯಿಯ ಹಡಗು. ಆಮೇಲೆ ಮೀನಿನ ದೋಣಿಯಲ್ಲಿ ಇಪ್ಪತ್ತು ವರ್ಷ ತಂಡೇಲರಾಗಿದ್ದರು. ದೋಣಿಯ ಹಿಂತುದಿಯಲ್ಲಿ ನಿಂತು ಚುಕ್ಕಾಣಿ ಹಿಡಿದು, ಎಲ್ಲರ ಜೀವಕ್ಕೆ ತಾನು ಜವಾಬ್ದಾರ ಎಂದುಕೊಳ್ಳುವವನೇ ತಂಡೇಲ. ಅಮ್ಮ ತೀರಿಕೊಂಡ ಮೇಲೆ ಅಪ್ಪ ಬೋಳಾರದ ಮನೆ ಬಿಟ್ಟು ನಮ್ಮ ಜೊತೆ ಬಂದಿದ್ದರು. ಸಮುದ್ರ ಬಿಟ್ಟರೂ ಆ ಜವಾಬ್ದಾರಿ ಮಾತ್ರ ಅವರನ್ನು ಬಿಟ್ಟಿರಲಿಲ್ಲ.

ಅಪ್ಪ ಕಾರಿನ ಸುತ್ತ ಎರಡು ಸುತ್ತು ಬಂದರು. ಬೋನೆಟ್ಟಿನ ಮೇಲೆ ಬೆರಳ ಗೆಣ್ಣಿನಿಂದ ಕುಟ್ಟಿ ಸದ್ದು ಕೇಳಿದರು. ಮನೆಯಲ್ಲಿ ನಾವು ಮಾತಾಡುವುದು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಎಂತ ಮಾರಾಯ್ತಿ ಇದು? ಹೈವೇಯಲ್ಲಿ ಬಂದರಿಗೆ ಹೋಗುವ ಲಾರಿಗಳು ಹೇಗೆ ಬರ್ತವೆ ಅಂತ ನೋಡಿದ್ದೀಯಾ? ಅದರ ಎದುರು ಇದು ಪುಟ್ಟ ಬೂತಾಯಿ ಮೀನು."

"ಬೂತಾಯಿ ಆದ್ರೆ ಬೂತಾಯಿ, ಮಾವ. ಲೀಟರಿಗೆ ಹದಿನೆಂಟು ಕಿಲೋಮೀಟರ್ ಹೋಗ್ತದೆ. ಅಂಬಾಸಿಡರ್ ಅಷ್ಟು ಪೆಟ್ರೋಲಲ್ಲಿ ಅರ್ಧ ದಾರಿ ಹೋಗ್ಲಿಕ್ಕಿಲ್ಲ" ಎಂದರು ನನ್ನ ಗಂಡ. ಅವರು ಸ್ಕೂಟರಿನಲ್ಲಿ ಆಫೀಸಿಗೆ ಹೋಗುವವರು. ಕಾರು ಓಡಿಸುವವಳು ನಾನು. ಪಣಂಬೂರಿನ ಕಡೆಯ ಒಂದು ಶಾಲೆಯಲ್ಲಿ ನಾನು ಗಣಿತ ಕಲಿಸುತ್ತಿದ್ದೆ, ಮಗಳು ವೀಣಾ ಅಲ್ಲೇ ಎರಡನೇ ಕ್ಲಾಸು. ಕೊಟ್ಟಾರದಲ್ಲಿ ಹೈವೇ ಹತ್ತಿ, ಕೂಳೂರು ಸೇತುವೆ ದಾಟಿ, ದಿನಾ ಇಬ್ಬರೂ ಹೋಗಿ ಬರಬೇಕು.

"ಹೋಗುವುದು ಎಷ್ಟು ದೂರ ಅಂತ ನಾನು ಕೇಳಲಿಲ್ಲ. ತಿರುಗಿ ಬರುವುದು ಹೇಗೆ ಅಂತ ಕೇಳಿದ್ದು" ಎಂದರು ಅಪ್ಪ.  

ಆದರೆ ಒಂದೇ ವಾರದಲ್ಲಿ ನಾನು ಆ ಕಾರಿಗೆ ಮರುಳಾದೆ. ಸಂದುಗೊಂದಿನಲ್ಲಿ ನುಸುಳುತ್ತಿತ್ತು. ಸ್ಟಿಯರಿಂಗ್ ಹಿಡಿದರೆ ಸೈಕಲ್ಲಿನ ಹ್ಯಾಂಡಲ್ ಹಿಡಿದ ಹಾಗೆ. ಪೆಟ್ರೋಲ್ ತುಂಬಿಸಿದಾಗಲೆಲ್ಲ ಎಷ್ಟು ಓಡಿತು ಎಂದು ಲೆಕ್ಕ ಹಾಕುವುದು ನನಗೆ ಚಟವೇ ಆಯಿತು. ಗಣಿತದ ಟೀಚರಿಗೆ ಬೇರೆ ಎಂತ ಕೆಲಸ. ಹದಿನೆಂಟು, ಒಮ್ಮೆ ಹದಿನೆಂಟೂವರೆ. ಸ್ಟಾಫ್ ರೂಮಿನಲ್ಲಿ ನನ್ನ ಮಗಳ ಮಾರ್ಕಿನ ಹಾಗೆ ಹೇಳಿಕೊಂಡು ತಿರುಗಿದೆ.

ಅಪ್ಪ ಮತ್ತೆ ತಕರಾರು ಮಾಡಲಿಲ್ಲ. ಬದಲಿಗೆ ಕಾರು ತೊಳೆಯುವ ಕೆಲಸ ವಹಿಸಿಕೊಂಡರು. ಬೆಳಿಗ್ಗೆ ನಾವು ಏಳುವಾಗ ಕಾರು ಫಳಫಳ ಹೊಳೆಯುತ್ತಿತ್ತು. "ಹಿಂದಿನ ಡಿಕ್ಕಿಯ ಬಾಗಿಲು ಸುಮ್ಮನೆ ತೆಗಿಯಬೇಡಿ, ರಬ್ಬರ್ ಹಾಳಾಗಿ ನೀರು ಒಳಗೆ ಹೋಗ್ತದೆ" ಎಂದು ತಾಕೀತು ಮಾಡಿದರು. ಸರಿಯೆಂದು ನಾವು ಚೀಲ ಪುಸ್ತಕಗಳನ್ನೆಲ್ಲ ಹಿಂದಿನ ಸೀಟಿನಲ್ಲೇ ಇಡುತ್ತಿದ್ದೆವು. ಭಾನುವಾರ ಎಲ್ಲಿಗಾದರೂ ಹೋಗುವಾಗ ಅಪ್ಪನೂ ಹಿಂದೆಯೇ ಕೂರುತ್ತಿದ್ದರು. ಮುಂದೆ ಬನ್ನಿ ಎಂದರೆ, "ತಂಡೇಲನ ಜಾಗ ಹಿಂದೆ" ಎನ್ನುತ್ತಿದ್ದರು.

ಜೂನ್ ಬಂತು, ಮಳೆ ಹಿಡಿಯಿತು, ನನ್ನ ಲೆಕ್ಕ ತಪ್ಪತೊಡಗಿತು. ಹದಿನೇಳೂವರೆ. ಹದಿನೇಳು. ಜುಲೈಯಲ್ಲಿ ಹದಿನಾರು. ನನಗೆ ಸಿಟ್ಟು ಬರುವುದು ಬೇಗ, ಅದರಲ್ಲೂ ಲೆಕ್ಕ ತಪ್ಪಿದರೆ ತಡೆಯುವುದಿಲ್ಲ. ನೇರ ಪೆಟ್ರೋಲ್ ಬಂಕಿಗೆ ಹೋಗಿ, ಅಲ್ಲಿದ್ದ ವಯಸ್ಸಾದವರೊಬ್ಬರಿಗೆ ನಾಲ್ಕು ಜನರೆದುರು, "ನೀವು ಅಳತೆಯಲ್ಲಿ ಮೋಸ ಮಾಡ್ತಿದ್ದೀರಿ" ಎಂದುಬಿಟ್ಟೆ. ಅವರು ಪಾಪ, ಒಳಗಿನಿಂದ ಅಳತೆಯ ಪಾತ್ರೆ ತಂದು ನನ್ನೆದುರೇ ಐದು ಲೀಟರ್ ಹಿಡಿದು ತೋರಿಸಿದರು. ಒಂದು ಹನಿ ಹೆಚ್ಚಿಲ್ಲ, ಕಮ್ಮಿಯಿಲ್ಲ. ಮುಖ ಎಲ್ಲಿಡಲಿ ಎಂದು ತಿಳಿಯದೆ ಅಲ್ಲಿಂದ ಹೊರಟೆ. ಮತ್ತೊಂದು ದಿನ ಹೋಗಿ ಕ್ಷಮೆ ಕೇಳಿದೆ. ಅದು ಬೇರೆ ಮಾತು.

ಆಮೇಲೆ ಹೋದದ್ದು ಪಂಪ್‌ವೆಲ್ ಹತ್ತಿರ ಗ್ಯಾರೇಜ್ ಇಟ್ಟಿದ್ದ ಹಸನಬ್ಬರ ಬಳಿಗೆ. ಐವತ್ತು ದಾಟಿದ, ಕಮ್ಮಿ ಮಾತಿನ ಮನುಷ್ಯ. ಅವರು ಪ್ಲಗ್ ನೋಡಿದರು, ಕಾರ್ಬ್ಯುರೇಟರ್ ಬಿಚ್ಚಿ ತೊಳೆದರು. ಕಡೆಗೆ ಬಾಟ್ಲಿ ಟೆಸ್ಟ್ ಮಾಡೋಣ ಎಂದರು. ಒಂದು ಬಾಟ್ಲಿಯಲ್ಲಿ ಸರಿಯಾಗಿ ಒಂದು ಲೀಟರ್ ಪೆಟ್ರೋಲ್ ತುಂಬಿ, ಬೋನೆಟ್ಟಿನೊಳಗೆ ಕಟ್ಟಿ, ಟ್ಯಾಂಕಿನ ಪೈಪ್ ತಪ್ಪಿಸಿ ಬಾಟ್ಲಿಯ ಪೈಪ್ ಜೋಡಿಸುವುದು. ಕಾರು ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಲೀಟರ್ ಮುಗಿಯಿತು, ಮೀಟರ್ ನೋಡಿದರಾಯಿತು. ನಮ್ಮ ಕಾರು ಹದಿನಾರು ಕಿಲೋಮೀಟರಿಗೆ ನಿಂತಿತು.

"ಇಂಜಿನಲ್ಲಿ ಎಂತದೂ ದೋಷ ಇಲ್ಲ ಟೀಚರ್. ಆದ್ರೆ ಹಿಂದೆ ಸ್ವಲ್ಪ ಕೂತ ಹಾಗೆ ಕಾಣ್ತದೆ. ಸ್ಪ್ರಿಂಗ್ ಒಮ್ಮೆ ನೋಡ್ಬೇಕು, ಬಿಡುವು ಮಾಡಿ ತನ್ನಿ" ಎಂದರು ಹಸನಬ್ಬ. ನಾನು ಬಿಡುವು ಮಾಡಲಿಲ್ಲ. ಆ ತಪ್ಪು ನನ್ನದು.

ಆಗಸ್ಟಿನ ಒಂದು ಶುಕ್ರವಾರ. ಶಾಲೆ ಬಿಟ್ಟು ಬರುತ್ತಿದ್ದೆವು. ಸಂಜೆ ನಾಲ್ಕೂವರೆ ಇರಬಹುದು, ಧಾರಾಕಾರ ಮಳೆ. ವೀಣಾ ಹಿಂದಿನ ಸೀಟಿನಲ್ಲಿ ಮಗ್ಗಿ ಹೇಳುತ್ತಿದ್ದಳು. ಕೂಳೂರು ಸೇತುವೆ ಇಳಿದು ಬರುವಾಗ ನನ್ನ ಮುಂದಿದ್ದ ಬಸ್ಸು ಗಕ್ಕನೆ ನಿಂತಿತು. ನಾನು ಬ್ರೇಕ್ ಒತ್ತಿ ಎಡಕ್ಕೆ ತಿರುಗಿಸಿದೆ. ಸ್ಟಿಯರಿಂಗ್ ತಿರುಗಿತು, ಕಾರು ತಿರುಗಲಿಲ್ಲ. ನೀರಿನ ಮೇಲೆ ಸೋಪಿನ ಹಾಗೆ ಜಾರಿ, ಹಿಂಭಾಗ ಬೀಸಿಕೊಂಡು, ಬಸ್ಸಿನ ಬಲಗಡೆಯಿಂದ ಎದುರಿನಿಂದ ಬರುತ್ತಿದ್ದ ಲಾರಿಯ ಕಡೆಗೆ ನೇರವಾಗಿ ಹೋಯಿತು.

ಲಾರಿಯ ಡ್ರೈವರ್ ಪುಣ್ಯಾತ್ಮ. ಅಷ್ಟು ದೊಡ್ಡ ಗಾಡಿಯನ್ನು ರಸ್ತೆ ಬಿಟ್ಟು ಕೆಸರಿಗೆ ಇಳಿಸಿದ. ನಮ್ಮ ಕಾರು ಅವನ ಹಿಂದಿನ ಚಕ್ರದಿಂದ ಒಂದು ಕೈ ದೂರದಲ್ಲಿ ನಿಂತಿತು. ಆ ಚಕ್ರ ನನ್ನ ಕಿಟಕಿಯಷ್ಟು ಎತ್ತರವಿತ್ತು. ಅವನು ಮಳೆಯಲ್ಲೇ ಓಡಿಬಂದು, "ಅಕ್ಕಾ, ಪೆಟ್ಟಾಯ್ತಾ? ಮಗುವಿಗೆ ಎಂತ ಆಗ್ಲಿಲ್ಲ ಅಲ್ವಾ?" ಎಂದು ಕೇಳಿದ. ನಾನು ಹಿಂದೆ ತಿರುಗಿ ನೋಡಿದೆ. ವೀಣಾ ಏಳರ ಮಗ್ಗಿಯನ್ನು ಅರ್ಧಕ್ಕೆ ನಿಲ್ಲಿಸಿ ಸೀಟಿನ ಕೆಳಗೆ ಬಿದ್ದ ನೀರಿನ ಬಾಟ್ಲಿ ಹುಡುಕುತ್ತಿದ್ದಳು.

ಮನೆಗೆ ಬಂದು ಹೇಳಿದಾಗ ಗಂಡ ವೀಣಾಳನ್ನು ಹತ್ತಿರ ಎಳೆದುಕೊಂಡರು. ಅಪ್ಪ ಮಾತ್ರ ಒಂದೇ ಪ್ರಶ್ನೆ ಕೇಳಿದರು. "ಜಾರಿತಾ? ಹಗುರ ಆದ ಹಾಗೆ ಜಾರಿತಾ?" ಹೌದೆಂದೆ, ನಾಳೆಯೇ ಕಾರನ್ನು ಹಸನಬ್ಬರಿಗೆ ತೋರಿಸುತ್ತೇನೆ ಎಂದೆ. ಅವರು ವೀಣಾಳ ತಲೆ ನೇವರಿಸಿ ಅಂಗಳಕ್ಕೆ ಹೋದರು. ನಾಳೆ ಗ್ಯಾರೇಜಿಗೆ ತಾನೂ ಬರುತ್ತೇನೆ ಎಂದರು.

ಮರುದಿನ ಮಧ್ಯಾಹ್ನ ಹಸನಬ್ಬರು ಕಾರನ್ನು ದೂರದಿಂದಲೇ ನೋಡಿ ಹುಬ್ಬು ಗಂಟಿಕ್ಕಿದರು. ಹಿಂಭಾಗ ನೆಲಕ್ಕೆ ಕೂತ ಹಾಗಿತ್ತು, ಮೂತಿ ಮೇಲೆದ್ದಿತ್ತು. ಅವರು ಡಿಕ್ಕಿಯ ಬಾಗಿಲು ತೆರೆದು ಮ್ಯಾಟ್ ಎತ್ತಿದರು.

ಕೆಳಗೆ ಆರು ಚೀಲಗಳಿದ್ದವು. ದಪ್ಪ ಹಾಯಿಬಟ್ಟೆಯ ಚೀಲಗಳು, ಚಪ್ಪಟೆಯಾಗಿ, ದಿಂಬಿನ ಹಾಗೆ ಒಂದಕ್ಕೊಂದು ತಾಗಿಸಿ ಜೋಡಿಸಿದ್ದವು. ಒಳಗೆ ಮರಳು. ಆರನೆಯದು ಇನ್ನೂ ಒದ್ದೆಯಾಗಿತ್ತು. ಹೊಲಿಗೆ ನೋಡಿದೊಡನೆ ನನಗೆ ಗೊತ್ತಾಯಿತು. ಬಲೆ ಕಟ್ಟುವ ನೂಲು, ಪ್ರತಿ ಹೊಲಿಗೆಗೂ ಒಂದು ಗಂಟು. ಸಣ್ಣವಳಿದ್ದಾಗ ಬೋಳಾರದ ಮನೆಯ ಜಗಲಿಯಲ್ಲಿ ಕೂತು ನೋಡಿದ ಗಂಟು ಅದು. ನಾನು ಅಪ್ಪನ ಕಡೆಗೆ ತಿರುಗಲಿಲ್ಲ, ತಿರುಗುವ ಧೈರ್ಯ ಆಗಲಿಲ್ಲ.

ಹಸನಬ್ಬರು ನನ್ನ ಮುಖ ನೋಡಿದರು, ನನ್ನ ಹಿಂದೆ ನಿಂತಿದ್ದ ಅಪ್ಪನ ಮುಖ ನೋಡಿದರು. ಮ್ಯಾಟ್ ಮತ್ತೆ ಮುಚ್ಚಿ, ಕೈ ಒರೆಸಿಕೊಳ್ಳುತ್ತ ಹೇಳಿದರು, "ಅಯ್ಯೋ, ಇದು ನಮ್ಮದೇ ತಪ್ಪು ಟೀಚರ್. ಹೋದ ಸರ್ತಿ ಸ್ಪ್ರಿಂಗ್ ನೋಡ್ಲಿಕ್ಕೆ ಅಂತ ಭಾರ ಇಟ್ಟದ್ದು, ತೆಗಿಲಿಕ್ಕೆ ಮರ್ತು ಹೋಯ್ತು."

ಹೋದ ಸಲ ಅವರು ಡಿಕ್ಕಿಯ ಬಾಗಿಲು ತೆರೆದೇ ಇರಲಿಲ್ಲ. ಅಪ್ಪನನ್ನು ಅವರು ನೋಡುತ್ತಿದ್ದದ್ದು ಅದೇ ಮೊದಲು. ಗುರುತಿಲ್ಲದ ಒಬ್ಬ ಮುದುಕನ ಮರ್ಯಾದೆ ಉಳಿಸಲು, ಮೂವತ್ತು ವರ್ಷ ದುಡಿದು ಗಳಿಸಿದ ತನ್ನ ಕೈಗುಣದ ಹೆಸರನ್ನು ಕ್ಷಣದಲ್ಲಿ ಪಣಕ್ಕಿಟ್ಟರು.

"ಅಲ್ಲ" ಎಂದರು ಅಪ್ಪ. "ನಾನು ಇಟ್ಟದ್ದು."

ಗ್ಯಾರೇಜಿನ ತಗಡಿನ ಮಾಡಿನ ಮೇಲೆ ಮಳೆ ಜೋರಾಗಿ ಬೀಳುತ್ತಿತ್ತು. ಅಪ್ಪ ಯಾರ ಮುಖವನ್ನೂ ನೋಡದೆ ಹೇಳಿದರು. "ನಾನು ದೋಣಿಯ ತಂಡೇಲ ಆಗಿದ್ದವ. ಹಂಚು ಇಳಿಸಿ ಖಾಲಿ ಮಂಜಿಯಲ್ಲಿ ಬರುವಾಗ ನಾವು ತಳದಲ್ಲಿ ಮರಳು ತುಂಬಿಸ್ತಿದ್ದೆವು. ಇಲ್ಲದಿದ್ರೆ ಗಾಳಿ ಮಗುಚಿ ಹಾಕ್ತದೆ. ಇದು ಖಾಲಿ ಮಂಜಿಯ ಹಾಗೆ ಕಂಡಿತು. ರಸ್ತೆಯಲ್ಲಿ ಲಾರಿ ಮಗುಚಿದ ಸುದ್ದಿ ಕೇಳಿದಾಗೆಲ್ಲ ಒಂದೊಂದು ಚೀಲ ಇಟ್ಟೆ. ನಿನ್ನೆ ಜಾರಿತು ಅಂದಳು. ಭಾರ ಸಾಲಲಿಲ್ಲ ಅಂತ ಇವತ್ತು ಬೆಳಿಗ್ಗೆ ಮತ್ತೊಂದು ಇಟ್ಟೆ."

ನನಗೆ ಕೋಪ ಬರಬೇಕಿತ್ತು. ನನ್ನ ಮಗಳ ಜೀವ ಒಂದು ಕೈ ದೂರದಲ್ಲಿ ಉಳಿದದ್ದು. ಆದರೆ ಎಪ್ಪತ್ತರ ಹತ್ತಿರದ ಅಪ್ಪ, ಪಕ್ಕದವರು ಮನೆ ಕಟ್ಟಲು ಹಾಕಿದ್ದ ಮರಳನ್ನು ಕೇಳಿ ತಂದು, ಕನ್ನಡಕ ಏರಿಸಿ ಚೀಲ ಹೊಲಿಯುವುದು ಕಣ್ಣಿಗೆ ಕಟ್ಟಿತು.

ಹಸನಬ್ಬರು ನಗಲಿಲ್ಲ. ಒಂದು ಸ್ಟೂಲ್ ಎಳೆದು ಅಪ್ಪನನ್ನು ಕೂರಿಸಿದರು. "ತಂಡೇಲರೆ, ದೋಣಿಯ ಚುಕ್ಕಾಣಿ ಎಲ್ಲಿ ಉಂಟು?"

"ಹಿಂದೆ."

"ಹಾಗಾಗಿ ನೀವು ಹಿಂದೆ ಭಾರ ಇಟ್ಟದ್ದು, ಚುಕ್ಕಾಣಿ ನೀರಲ್ಲಿ ಇಳಿದು ಕೂರ್ಲಿಕ್ಕೆ. ಆದ್ರೆ ಈ ಕಾರಿನ ಚುಕ್ಕಾಣಿ ಮುಂದೆ. ಎಳೆಯುವುದೂ ಮುಂದಿನ ಚಕ್ರವೇ. ಹಿಂದೆ ಭಾರ ಹಾಕಿದ್ರೆ ಮೂತಿ ಏಳ್ತದೆ."

ಅಪ್ಪ ಬಾಗಿ ಕಾರಿನ ಮುಂದಿನ ಚಕ್ರ ನೋಡಿದರು. ಆಮೇಲೆ ಮೆಲ್ಲಗೆ, "ಚುಕ್ಕಾಣಿಯನ್ನು ನಾನೇ ನೀರಿನಿಂದ ಎತ್ತಿ ಹಿಡಿದೆ" ಎಂದರು.

"ನಿಮ್ಮ ಹೆದರಿಕೆ ಸುಳ್ಳಲ್ಲ" ಎಂದರು ಹಸನಬ್ಬ. "ಲಾರಿ ಬಂದು ಗುದ್ದಿದ್ರೆ ಸಣ್ಣ ಕಾರಿಗೆ ಪೆಟ್ಟು ಜಾಸ್ತಿಯೇ. ಇಲ್ಲ ಅಂತ ನಾನು ಹೇಳುವುದಿಲ್ಲ. ಆದ್ರೆ ಗುದ್ದದ ಹಾಗೆ ತಪ್ಪಿಸಿಕೊಳ್ಳುವ ಚುರುಕು ಇದಕ್ಕುಂಟು. ಬೇಗ ನಿಲ್ತದೆ, ಬೇಗ ತಿರುಗ್ತದೆ. ಅದು ಇದರ ಹಗುರದಿಂದಲೇ ಬಂದದ್ದು."

ಆರೂ ಚೀಲಗಳನ್ನು ಇಳಿಸಿ ಮತ್ತೆ ಬಾಟ್ಲಿ ಕಟ್ಟಿದರು. ಕಾರು ತಾನೇ ಓಡಿಸುತ್ತೇನೆ, ಪಕ್ಕದಲ್ಲಿ ಕೂತು ನೋಡಿ ಎಂದು ಹಸನಬ್ಬರು ಅಪ್ಪನನ್ನು ಕರೆದರು. ಜೀವಮಾನವಿಡೀ ಹಿಂತುದಿಯಲ್ಲಿ ನಿಂತವರು ಅಂದು ಮೊದಲ ಬಾರಿಗೆ ಮುಂದೆ ಕೂತರು. ಹಿಂದೆ ನಾನು. ಒದ್ದೆ ರಸ್ತೆಯಲ್ಲಿ ಹಸನಬ್ಬರು ಜನರಿಲ್ಲದ ಕಡೆ ನೋಡಿ ಬ್ರೇಕ್ ಹಾಕಿದರು, ತಿರುಗಿಸಿದರು. ಕಾರು ಹೇಳಿದಂತೆ ಕೇಳಿತು. ಮೂರು ಜನ ಕೂತಿದ್ದರೂ ಹದಿನೇಳು ದಾಟಿ, ಕೊಟ್ಟಾರದ ಹತ್ತಿರ ಕೆಮ್ಮಿ ನಿಂತಿತು. ಅಪ್ಪ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟು, "ಬೂತಾಯಿ ಅಂದದ್ದು ತಪ್ಪಾಯ್ತು" ಎಂದು ಕಾರಿಗೇ ಹೇಳಿದರು.

ಸೋಮವಾರ ಬೆಳಿಗ್ಗೆ ಜೋರು ಮಳೆ. ನಾನು ಕಾರು ಹೊರತೆಗೆಯುವಾಗ ಅಪ್ಪ ಶರ್ಟು ಹಾಕಿ, ಕೊಡೆ ಹಿಡಿದು ಅಂಗಳದಲ್ಲಿ ನಿಂತಿದ್ದರು. ಮುಂದಿನ ಬಾಗಿಲು ತೆರೆದು ನನ್ನ ಪಕ್ಕದಲ್ಲಿ ಕೂತರು.

"ಎಲ್ಲಿಗೆ ಅಪ್ಪ?"

"ಸೇತುವೆ ದಾಟುವವರೆಗೆ. ಮುಂದೆ ಭಾರ ಇರ್ಲಿ."

ಕೂಳೂರು ಸೇತುವೆ ದಾಟಿದ ಮೇಲೆ ಇಳಿದು, ಕೊಡೆ ಬಿಡಿಸಿ, ರಸ್ತೆ ದಾಟಿ, ಬಸ್ಸು ಹಿಡಿದು ಮನೆಗೆ ಹೋದರು. ಆ ವರ್ಷ ಮಳೆ ಬಂದ ಒಂದು ದಿನವೂ ಅವರು ತಪ್ಪಿಸಲಿಲ್ಲ. ಹಸನಬ್ಬರನ್ನು ಕೇಳಿದೆ, ಒಬ್ಬ ಬಡಕಲು ಮುದುಕ ಮುಂದೆ ಕೂತರೆ ಏನಾದರೂ ಪ್ರಯೋಜನ ಉಂಟಾ ಎಂದು. "ಕಾರಿಗೆ ದೊಡ್ಡದಾಗಿ ಎಂತ ಇಲ್ಲ ಟೀಚರ್. ಆದ್ರೆ ಅವರು ಪಕ್ಕದಲ್ಲಿದ್ರೆ ನೀವು ನಿಧಾನ ಹೋಗ್ತೀರಿ" ಎಂದರು. ಅದು ನಿಜ.

ಕಾರನ್ನು ಮಾರಿ ಎಷ್ಟೋ ವರ್ಷವಾಯಿತು. ಅಪ್ಪನೂ ಇಲ್ಲ, ಹಸನಬ್ಬರೂ ಇಲ್ಲ. ತನ್ನದಲ್ಲದ ತಪ್ಪನ್ನು ಹೊರಲು ಮುಂದಾದವರೊಬ್ಬರು, ಯಾರೋ ಹೊತ್ತ ತನ್ನ ತಪ್ಪನ್ನು ಕೇಳಿ ವಾಪಸು ಪಡೆದವರೊಬ್ಬರು. ಅಂಥ ಇಬ್ಬರನ್ನು ಒಂದೇ ತಗಡಿನ ಕೆಳಗೆ ನಾನು ಮತ್ತೆ ನೋಡಿಲ್ಲ. ಈಗಲೂ ಮಳೆಯಲ್ಲಿ ಕೂಳೂರು ಸೇತುವೆ ದಾಟುವಾಗ ನನ್ನ ಕೈ ಪಕ್ಕದ ಸೀಟನ್ನು ಮುಟ್ಟುತ್ತದೆ.

ಮುಂದೆ ಅಪ್ಪನ ಭಾರ ಇದ್ದ ಆ ಮಳೆಗಾಲ ಲೀಟರಿಗೆ ಅರ್ಧ ಕಿಲೋಮೀಟರ್ ಕಮ್ಮಿಯೇ ಬಂತು. ನಾನು ಯಾರ ಹತ್ತಿರವೂ ದೂರು ಹೇಳಲಿಲ್ಲ.