ಚಾಪೆಯ ಮಡಿಕೆಗೆ ಹೆದರುವ ಚೆನ್ನಯ್ಯ

ಬೆಳಕು ಹರಿಯುವ ಮುಂಚೆಯೇ ಚೆನ್ನಯ್ಯ ಕುಂದಾಪುರದ ಮೈದಾನದಲ್ಲಿ ಮಂಡಿಯೂರಿದ್ದಾರೆ. ಕೆಂಪು ಮಣ್ಣಿನ ಮೇಲೆ ತೆಂಗಿನ ನಾರಿನ ಚಾಪೆ ಹಾಸಿ, ಅಂಚಿಗೆ ಹದಿನಾರು ಮೊಳೆ ಹೊಡೆದು, ಉದ್ದಕ್ಕೂ ಅಂಗೈ ಆಡಿಸುತ್ತಾರೆ. ಮುಗಿಯಿತು ಅನ್ನುವಾಗ ಮತ್ತೆ ಮೊದಲಿನಿಂದ. ಇವತ್ತು ಶಿಷ್ಯ ಭೋಜರಾಜ ಮತ್ತೆ ಬ್ಯಾಟು ಹಿಡಿಯುತ್ತಾನೆ.

ಹಗಲೆಲ್ಲ ಹಂಚಿನ ಕಾರ್ಖಾನೆಯಲ್ಲಿ ದುಡಿಯುವ ಚೆನ್ನಯ್ಯ, ಮುಂಬಯಿಯ ಕ್ಲಬ್ಬೊಂದರಲ್ಲಿ ಹನ್ನೊಂದು ವರ್ಷ ಸದಸ್ಯರಿಗೆ ಚೆಂಡೆಸೆದು ಆಟ ಕಲಿತವರು. ಯುದ್ಧದ ಭಯಕ್ಕೆ ನಲವತ್ತೆರಡನೇ ಇಸವಿಯಲ್ಲಿ ಊರಿಗೆ ಮರಳಿದರು. ನಾಲ್ಕು ವರ್ಷದಿಂದ ಇಲ್ಲಿ ಹದಿನಾಲ್ಕು ಜನರಿಗೆ ಕ್ರಿಕೆಟ್ ಕಲಿಸುತ್ತಿದ್ದಾರೆ. ಬೆಳಿಗ್ಗೆ ಒಬ್ಬರೇ ನೂರಿಪ್ಪತ್ತು ಚೆಂಡು ಎಸೆಯುತ್ತಾರೆ.

ಕಳೆದ ಮಾಗಿಯಲ್ಲಿ ಅವರೆಸೆದ ಒಂದು ಚೆಂಡು ಚಾಪೆಯ ಮಡಿಕೆಗೆ ತಾಗಿ ಎಗರಿತು. ಹೆಮ್ಮಾಡಿಯ ಭೋಜರಾಜನ ಎಡಗಣ್ಣು ಹೋಯಿತು. ಆಮೇಲೆ ಮೂರು ತಿಂಗಳು ಚೆನ್ನಯ್ಯ ಮೈದಾನದ ದಾರಿಯಲ್ಲೇ ನಡೆಯಲಿಲ್ಲ. ಒಂದು ದಿನ ಭೋಜರಾಜನ ತಾಯಿ ಅಕ್ಕು ಹೊಳೆ ದಾಟಿ ಬಂದು ಅಂಗಳದಲ್ಲಿ ನಿಂತಾಗ, ಶಾಪ ಹಾಕಲು ಬಂದರೆಂದು ಇವರು ಒಳಗೆ ಅವಿತುಕೊಂಡರಂತೆ. ಆಕೆ ಹೇಳಿದ್ದೇ ಬೇರೆ. ಮಗ ಸರಿಯಾಗಿ ಉಣ್ಣುವುದಿಲ್ಲ, ಅವನಿಗೆ ಆಟವನ್ನಾದರೂ ತಿರುಗಿ ಕೊಡಿ ಎಂದರು.

ಈಗ ಭೋಜರಾಜ ಎದುರು ನಿಂತಿದ್ದಾನೆ. ಚೆನ್ನಯ್ಯ ಮೆಲ್ಲಗೆ ಎಸೆಯುತ್ತಾರೆ. ಮೊದಲ ಮೂರಕ್ಕೂ ಬ್ಯಾಟು ತಡವಾಗುತ್ತದೆ. ನಾಲ್ಕನೆಯದು ಭುಜದ ಪಕ್ಕ ಹಾದಾಗ ಚೆನ್ನಯ್ಯ ಕಣ್ಣು ಮುಚ್ಚಿಕೊಳ್ಳುತ್ತಾರೆ. ಏಳನೆಯದು ಬ್ಯಾಟಿನ ನಡುವಿಗೇ ತಾಗುತ್ತದೆ. ಭೋಜರಾಜ ನಗುತ್ತಾ, ಇನ್ನು ಜೋರಾಗಿ ಎಸೆಯಿರಿ ಅನ್ನುತ್ತಾನೆ. ಚೆನ್ನಯ್ಯ ಓಡಿ ಬಂದವರು ಅರ್ಧದಲ್ಲೇ ನಿಂತುಬಿಡುತ್ತಾರೆ.

“ನಿನ್ ಹೆದ್ರಿಕಿ ಹೋಯ್ತ್ ಮಾರಾಯ. ನಂದ್ ಇನ್ನೂ ಹೋಯ್ಲಿಲ್ಲ.”

ಆಮೇಲೆ ಚೆನ್ನಯ್ಯ ಚೆಂಡನ್ನು ಅವನ ಕೈಗಿಟ್ಟು, ಬೆರಳನ್ನು ಹೊಲಿಗೆಯ ಮೇಲೆ ಹೇಗೆ ಕೂರಿಸಬೇಕು, ಮಣಿಕಟ್ಟನ್ನು ಯಾವಾಗ ತಿರುಗಿಸಬೇಕು ಎಂದು ತೋರಿಸುತ್ತಾರೆ. ಬ್ಯಾಟಿಗೆ ಅವಸರವಿಲ್ಲ, ಅಲ್ಲಿಯವರೆಗೆ ಸ್ಪಿನ್ ಕಲಿ ಅನ್ನುತ್ತಾರೆ. ಭೋಜರಾಜನಿಗೆ ಅಷ್ಟು ಇಷ್ಟವಿಲ್ಲ. ಆದರೂ ಎಸೆಯುತ್ತಾನೆ. ಬಿಸಿಲೇರುವ ಹೊತ್ತಿಗೆ ಒಂದು ಚೆಂಡು ಸರಕ್ಕನೆ ತಿರುಗಿ ಸ್ಟಂಪಿಗೆ ಬಡಿಯುತ್ತದೆ.

ಭಾನುವಾರ ಬೈಂದೂರು ತಂಡದ ಎದುರು ಪಂದ್ಯ. ಭೋಜರಾಜ ಬೌಲ್ ಮಾಡಲಿದ್ದಾನೆ. ಗೆಲ್ಲುವ ಆಸೆ ಇದೆಯೇ ಎಂದು, ಅಭ್ಯಾಸ ನೋಡಲು ಬಂದಿದ್ದ ನಾನು ಚೆನ್ನಯ್ಯನವರನ್ನು ಕೇಳಿದೆ.

“ಎರಡೂ ಕಡಿಯವ್ರ್ ನೆಟ್ಟಗೆ ಮನಿಗ್ ಹೋದ್ರೆ ಸಾಕ್,” ಅನ್ನುತ್ತಾರೆ. ಸ್ವಲ್ಪ ತಡೆದು, “ಅವ ಒಂದ್ ವಿಕೆಟ್ ತೆಗದ್ರೆ, ಹೊಳಿ ದಾಟಿ ಹೋಯಿ ಅವ್ನ್ ಅಮ್ಮಂಗೆ ನಾನೇ ಹೇಳ್ತೆ.”